ಮೂರು ಊರಿನ ವಾಟರ್ ಸರ್ವಿಸ್‌ಗೆ ಒಂದೇ ಸಾಫ್ಟ್‌ವೇರ್: ಯಾವುದು ಒಂದಾಗಿರಬೇಕು, ಯಾವುದು ಬೇರೆ ಇರಬೇಕು

ಪ್ರಶ್ನೆ: ನಮಸ್ಕಾರ ಸರ್. ದಾವಣಗೆರೆಯ ಹದಡಿ ರಸ್ತೆಯಲ್ಲಿ ಹನ್ನೊಂದು ವರ್ಷದಿಂದ ಕಾರು, ಬೈಕುಗಳ ವಾಟರ್ ಸರ್ವಿಸ್ ನಡೆಸುತ್ತಿದ್ದೇನೆ. ಆಮೇಲೆ ಹರಿಹರದಲ್ಲೊಂದು, ಹೋದ ವರ್ಷ ಚಿತ್ರದುರ್ಗದಲ್ಲಿ ಹೆದ್ದಾರಿ ಪಕ್ಕ ಇನ್ನೊಂದು ಶುರು ಮಾಡಿದೆ. ದುರ್ಗದ್ದನ್ನು ನನ್ನ ಭಾಮೈದ ನೋಡಿಕೊಳ್ಳುತ್ತಾನೆ. ಮೂರಕ್ಕೂ ಸೇರಿಸಿ ಒಂದು ಸಾಫ್ಟ್‌ವೇರ್ ಕೊಂಡು ಆರು ತಿಂಗಳಾಯಿತು. ದಾವಣಗೆರೆಯಲ್ಲಿ ಹತ್ತು ವಾಶ್‌ನ ಪಾಸ್ ತಗೊಂಡ ಗಿರಾಕಿ ದುರ್ಗಕ್ಕೆ ಹೋದರೆ ಅಲ್ಲಿ ಅವರ ಹೆಸರೇ ಸಿಗುವುದಿಲ್ಲ. ತಿಂಗಳ ಕೊನೆಗೆ ಬ್ಯಾಂಕಿಗೆ ಬಂದ ದುಡ್ಡೇ ಬೇರೆ, ಸಾಫ್ಟ್‌ವೇರ್ ತೋರಿಸುವ ಲೆಕ್ಕವೇ ಬೇರೆ. ಮಾರಿದವರನ್ನು ಕೇಳಿದರೆ ‘ನಿಮ್ಮ ಹುಡುಗರು ಸರಿಯಾಗಿ ಎಂಟ್ರಿ ಮಾಡ್ತಿಲ್ಲ’ ಅನ್ನುತ್ತಾರೆ. ಮೂರೂ ಕಡೆಯ ರೇಟ್ ಬೋರ್ಡಿನ ಫೋಟೊ ಕಳಿಸಿದ್ದೇನೆ. ಸಾಫ್ಟ್‌ವೇರ್ ಬದಲಿಸಬೇಕಾ, ಇದನ್ನೇ ಸರಿ ಮಾಡಬಹುದಾ?

ಉತ್ತರ: ಸದ್ಯಕ್ಕೆ ಬದಲಿಸಬೇಡಿ. ನೀವು ಕಳಿಸಿದ ಮೂರು ಬೋರ್ಡಿನ ಫೋಟೊಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ದಾವಣಗೆರೆಯಲ್ಲಿ ‘ಫುಲ್ ವಾಶ್’, ಹರಿಹರದಲ್ಲಿ ‘ಫೋಮ್ ಮತ್ತು ವ್ಯಾಕ್ಯೂಮ್’, ದುರ್ಗದಲ್ಲಿ ‘ದೊಡ್ಡ ಸರ್ವಿಸ್’. ಮೂರೂ ಒಂದೇ ಕೆಲಸ. ಈ ಮೂರು ಹೆಸರನ್ನು ಹಾಗೇ ಸಾಫ್ಟ್‌ವೇರಿಗೆ ತುಂಬಿದ್ದರೆ, ಅದರ ಕಣ್ಣಿಗೆ ಇವು ಮೂರು ಬೇರೆ ಬೇರೆ ಸರಕು. ಎಷ್ಟು ದುಬಾರಿ ಸಾಫ್ಟ್‌ವೇರ್ ತಂದರೂ ಅವನ್ನು ಕೂಡಿಸಿ ಒಂದು ಲೆಕ್ಕ ಕೊಡಲು ಅದಕ್ಕೆ ಆಗುವುದಿಲ್ಲ.

ನಮ್ಮ ಕಡೆ ದೋಸೆ ಹೋಟೆಲಿಗೆ ಹೋಗಿ ‘ಎರಡು ಖಾಲಿ, ಒಂದು ಬೆಣ್ಣೆ’ ಅಂದರೆ ಸಾಕು, ತಟ್ಟೆಗೆ ಏನು ಬರುತ್ತದೆಂದು ಹೇಳಿದವರಿಗೂ ಗೊತ್ತು, ಕಾವಲಿ ಮುಂದೆ ನಿಂತವರಿಗೂ ಗೊತ್ತು. ನಿಮ್ಮ ಮೂರು ಬ್ರಾಂಚಿಗೂ ಮೊದಲು ಆ ಥರದ ಒಂದು ಭಾಷೆ ಬೇಕು. ನಾನು ಇಂಥ ಲೆಕ್ಕದ ವ್ಯವಸ್ಥೆ ಕೂರಿಸುವ ಕೆಲಸಕ್ಕೆ ಹೋದಲ್ಲೆಲ್ಲ ಮೊದಲ ದಿನ ಕಂಪ್ಯೂಟರ್ ಮುಟ್ಟುವುದೇ ಇಲ್ಲ. ಒಂದು ದೊಡ್ಡ ಹಾಳೆ ತಗೊಂಡು ಮೇಲ್ಗಡೆ ಅಡ್ಡಕ್ಕೆ ಗಾಡಿಯ ವರ್ಗ ಬರೆಯುತ್ತೇನೆ: ಬೈಕ್, ಸಣ್ಣ ಕಾರು, ಸೆಡಾನ್, ಎಸ್‌ಯುವಿ, ಟೆಂಪೊ ಟ್ರಾವೆಲರ್. ಎಡಗಡೆ ಉದ್ದಕ್ಕೆ ಕೆಲಸ: ಬರೀ ನೀರು, ಫೋಮ್ ವಾಶ್, ಫೋಮ್ ಜೊತೆ ಒಳಗಡೆ ವ್ಯಾಕ್ಯೂಮ್, ಅಂಡರ್‌ಬಾಡಿ, ಪಾಲಿಶ್. ಒಂದೊಂದು ಚೌಕದಲ್ಲೂ ಏನೇನು ಮಾಡಬೇಕು, ಎಷ್ಟು ನಿಮಿಷ ಹಿಡಿಯುತ್ತದೆ, ಎಷ್ಟು ರೇಟು ಅನ್ನುವುದನ್ನು ಮೂರೂ ಬ್ರಾಂಚಿನ ಮೇಸ್ತ್ರಿಗಳನ್ನು ಕೂರಿಸಿಕೊಂಡು ತುಂಬುತ್ತೇನೆ. ಜಗಳ ಆಗುತ್ತದೆ. ‘ಡ್ಯಾಶ್‌ಬೋರ್ಡ್ ಒರೆಸೋದು ಇದರಲ್ಲೇ ಬರುತ್ತೆ’ ಅಂತ ಒಬ್ಬರು, ‘ನಮ್ಮಲ್ಲಿ ಅದಕ್ಕೆ ಬೇರೆ ದುಡ್ಡು’ ಅಂತ ಇನ್ನೊಬ್ಬರು. ಆ ಜಗಳ ಅವತ್ತೇ, ಆ ಹಾಳೆಯ ಮೇಲೇ ಮುಗಿಯಬೇಕು. ಮುಗಿಯದಿದ್ದರೆ ಅದು ದಿನಾ ಕೌಂಟರಿನಲ್ಲಿ ಗಿರಾಕಿಯ ಎದುರು ನಡೆಯುತ್ತದೆ.

ಇನ್ನು ಮುಖ್ಯ ವಿಷಯ. ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡರೂ ಹೊಲ ಒಟ್ಟಿಗೆ ಇಟ್ಟುಕೊಂಡಿರುತ್ತಾರಲ್ಲ, ಬ್ರಾಂಚುಗಳ ಸಾಫ್ಟ್‌ವೇರನ್ನೂ ಹಾಗೆ ಕೂರಿಸಬೇಕು. ಸರ್ವಿಸ್ ಪಟ್ಟಿ, ಗಿರಾಕಿಗಳ ಪಟ್ಟಿ, ಪಾಸು: ಇವು ಹೊಲ, ಒಂದೇ ಇರಬೇಕು. ಗಲ್ಲಾಪೆಟ್ಟಿಗೆ, ಬಿಲ್ ನಂಬರ್, ಶಾಂಪೂ ಸ್ಟಾಕ್, ಹುಡುಗರ ಹಾಜರಿ: ಇವು ಒಲೆ, ಬ್ರಾಂಚಿಗೊಂದು. ನೀವು ಬರೆದಿರುವುದನ್ನು ನೋಡಿದರೆ ನಿಮ್ಮಲ್ಲಿ ಇದು ತಿರುವುಮುರುವಾಗಿದೆ. ಮೂರು ಬ್ರಾಂಚನ್ನು ಮೂರು ಬೇರೆ ‘ಕಂಪನಿ’ ಎಂದು ತೆರೆದಿದ್ದಾರೆ ಎಂದು ನನ್ನ ಅಂದಾಜು. ಕೂರಿಸುವವರಿಗೆ ಅದು ಸುಲಭ, ಒಂದನ್ನು ಮಾಡಿ ಎರಡು ಸಲ ನಕಲು ತೆಗೆದರೆ ಮುಗಿಯಿತು. ಆದರೆ ಕಂಪನಿ ಬೇರೆಯಾದ ತಕ್ಷಣ ಗಿರಾಕಿ ಪಟ್ಟಿಯೂ ಬೇರೆಯಾಗುತ್ತದೆ. ದಾವಣಗೆರೆಯ ಪಾಸು ದುರ್ಗದಲ್ಲಿ ಕಾಣದಿರುವುದು ಅದಕ್ಕೇ. ಹುಡುಗರ ಎಂಟ್ರಿಯಲ್ಲಿ ತಪ್ಪು ಹುಡುಕಿ ಪ್ರಯೋಜನವಿಲ್ಲ.

ಸೆಟ್ಟಿಂಗ್ಸ್ ತೆರೆದು ನೋಡಿ. ‘ಕಂಪನಿ’ ಎನ್ನುವಲ್ಲಿ ಮೂರು ಹೆಸರಿದ್ದರೆ ನನ್ನ ಅಂದಾಜು ಸರಿ. ಅಲ್ಲಿ ಒಂದೇ ಹೆಸರಿದ್ದು, ಅದರ ಕೆಳಗೆ ಮೂರು ಬ್ರಾಂಚ್ ಇರಬೇಕು. ಕೆಲವು ಸಾಫ್ಟ್‌ವೇರಿನಲ್ಲಿ ಬ್ರಾಂಚಿಗೆ ಬೇರೆ ಹೆಸರಿರುತ್ತದೆ. ಇಆರ್‌ಪಿನೆಕ್ಸ್ಟ್‌ನಂಥ ಮುಕ್ತ ತಂತ್ರಾಂಶದಲ್ಲಿ ಒಂದು ಕಂಪನಿಯ ಒಳಗೆ ಬ್ರಾಂಚಿಗೊಂದು ಕಾಸ್ಟ್ ಸೆಂಟರ್, ಒಂದು ವೇರ್‌ಹೌಸ್, ಒಂದು ಪಿಒಎಸ್ ಪ್ರೊಫೈಲ್ ಮಾಡುತ್ತಾರೆ. ಮೊದಲನೆಯದು ಲಾಭನಷ್ಟ ಬೇರೆ ತೋರಿಸಲು, ಎರಡನೆಯದು ಸ್ಟಾಕ್‌ಗೆ, ಮೂರನೆಯದು ಕೌಂಟರಿಗೆ. ನಿಮ್ಮದರಲ್ಲಿ ಇವಕ್ಕೆ ಏನೆನ್ನುತ್ತಾರೆ ಎಂದು ಮಾರಿದವರನ್ನು ಕೇಳಿ. ಈ ಮೂರನ್ನು ಬ್ರಾಂಚುವಾರು ಬೇರೆ ಮಾಡಿ, ಗಿರಾಕಿಯನ್ನು ಒಂದೇ ಇಡಲು ಆಗುವುದೇ ಇಲ್ಲ ಎಂದು ಅವರು ಹೇಳಿದರೆ ಮಾತ್ರ ಸಾಫ್ಟ್‌ವೇರ್ ಬದಲಿಸುವ ಮಾತು.

ಇದಕ್ಕೆ ಒಂದು ಅಪವಾದವಿದೆ, ಭಾಮೈದನ ವಿಷಯ. ದುರ್ಗದ ಬ್ರಾಂಚ್ ನಿಮ್ಮ ಜಿಎಸ್‌ಟಿ ನಂಬರಿನಲ್ಲೇ ‘ಹೆಚ್ಚುವರಿ ವ್ಯಾಪಾರ ಸ್ಥಳ’ ಎಂದು ಸೇರಿದೆಯೋ, ಇಲ್ಲ ಅವರ ಹೆಸರಿನಲ್ಲಿ ಬೇರೆ ನೋಂದಣಿ ಇದೆಯೋ? ಒಂದೇ ರಾಜ್ಯದೊಳಗೆ ಎಷ್ಟು ಬ್ರಾಂಚ್ ಇದ್ದರೂ ಒಂದು ಜಿಎಸ್‌ಟಿ ನಂಬರ್ ಸಾಕು, ನಿಮ್ಮ ನಿಮ್ಮೊಳಗಿನ ಲೆಕ್ಕಕ್ಕೆ ತೆರಿಗೆ ಬರುವುದಿಲ್ಲ. ಆದರೆ ಅವರದು ಬೇರೆ ಪ್ಯಾನ್, ಬೇರೆ ನೋಂದಣಿ ಆಗಿದ್ದರೆ ಅದು ನಿಜವಾಗಿಯೂ ಬೇರೆ ಕಂಪನಿ. ಆಗ ನಿಮ್ಮ ಪಾಸಿನ ಗಾಡಿಯನ್ನು ಅವರು ತೊಳೆದರೆ ಅವರು ನಿಮಗೆ ಬಿಲ್ ಹಾಕಬೇಕಾಗುತ್ತದೆ. ಮನೆಯವರ ನಡುವೆ ಈ ಮಾತು ಎತ್ತಲು ಮುಜುಗರ ಅನ್ನಿಸುತ್ತದೆ, ಗೊತ್ತು. ಆದರೂ ಮೊದಲು ಇದನ್ನು ಕೇಳಿ, ನಿಮ್ಮ ಆಡಿಟರ್ ಎದುರಿಗೇ ಕೂತು ಬಗೆಹರಿಸಿಕೊಳ್ಳಿ. ಮುಂದೆ ನಾನು ಹೇಳುವುದೆಲ್ಲ ಒಂದೇ ನೋಂದಣಿ ಇದೆ ಎಂದುಕೊಂಡು.

ಗಿರಾಕಿ ಪಟ್ಟಿಯನ್ನು ಮೊಬೈಲ್ ನಂಬರಿನ ಮೇಲೆ ಕಟ್ಟಿರುತ್ತಾರೆ. ಬಟ್ಟೆ ಅಂಗಡಿಗೆ ಅದು ಸರಿ, ನಮಗಲ್ಲ. ಚೌಕಿಪೇಟೆಯ ಒಬ್ಬ ವ್ಯಾಪಾರಿಯ ಮನೆಯಲ್ಲಿ ನಾಲ್ಕು ಗಾಡಿ ಇರುತ್ತವೆ, ಫೋನ್ ನಂಬರ್ ಒಂದೇ ಕೊಡುತ್ತಾರೆ. ಇನ್ನೊಂದು ದಿನ ಅದೇ ಕಾರನ್ನು ಡ್ರೈವರ್ ತರುತ್ತಾನೆ, ತನ್ನ ನಂಬರ್ ಕೊಡುತ್ತಾನೆ. ಮೂರನೇ ಸಲ ಮಗ ಬರುತ್ತಾನೆ. ಒಂದೇ ಕಾರಿಗೆ ಮೂವರು ಗಿರಾಕಿಗಳು. ಆದ್ದರಿಂದ ಹುಡುಕುವ ಕೀಲಿ ಗಾಡಿ ನಂಬರೇ ಆಗಿರಲಿ. ಅದರ ಮೇಲೆ ಯಜಮಾನರ ಹೆಸರು, ಅವರ ಫೋನ್. ಪಾಸು ಒಂದು ಗಾಡಿಗೆ ಸೇರಿದ್ದೋ, ಒಂದು ಮನೆಗೆ ಸೇರಿದ್ದೋ ಅನ್ನುವುದನ್ನು ಮಾರುವಾಗಲೇ ತೀರ್ಮಾನಿಸಿ. ನನ್ನ ಸಲಹೆ, ಹತ್ತು ವಾಶ್‌ನ ಪಾಸು ಮನೆಗೆ, ತಿಂಗಳಿಡೀ ಎಷ್ಟು ಸಲ ಬೇಕಾದರೂ ತೊಳೆಸುವ ಪಾಸು ಒಂದೇ ಗಾಡಿಗೆ. ಎರಡನೆಯದನ್ನು ಮನೆಗೆ ಕೊಟ್ಟರೆ ಬೀದಿಯ ಗಾಡಿಗಳೆಲ್ಲ ಬರುತ್ತವೆ.

ಗಾಡಿ ನಂಬರ್ ಬರೆಯುವ ರೀತಿಯೂ ಒಂದೇ ಇರಬೇಕು. ದಾವಣಗೆರೆಯ ಕೆಎ 17, ದುರ್ಗದ ಕೆಎ 16 ಎರಡೂ ನಿಮ್ಮಲ್ಲಿ ಬೆರೆತು ಬರುತ್ತವೆ. ಒಬ್ಬ ಹುಡುಗ ಜಾಗ ಬಿಟ್ಟು ಬರೆಯುತ್ತಾನೆ, ಇನ್ನೊಬ್ಬ ಅಡ್ಡಗೆರೆ ಹಾಕುತ್ತಾನೆ, ಮತ್ತೊಬ್ಬ ಬರೀ ಕೊನೆಯ ನಾಲ್ಕಂಕಿ. ಜಾಗ, ಗೆರೆ ಯಾವುದೂ ಇಲ್ಲದೆ ಒತ್ತಾಗಿಯೇ ಉಳಿಸಿಕೊಳ್ಳುವಂತೆ ಸಾಫ್ಟ್‌ವೇರಿನಲ್ಲೇ ಕಟ್ಟುಪಾಡು ಹಾಕಿಸಿ. ಹಾಗೆ ಹಾಕಿಸುವಾಗ ರಾಜ್ಯ ಬದಲಾದರೂ ನಂಬರ್ ಬದಲಿಸಬೇಕಿಲ್ಲದ ಬಿಎಚ್ (ಭಾರತ್) ಸರಣಿಯನ್ನು ಮರೆಯಬೇಡಿ. ಅದು ರಾಜ್ಯದ ಅಕ್ಷರದಿಂದ ಶುರುವಾಗುವುದಿಲ್ಲ, ನೋಂದಣಿ ವರ್ಷದ ಎರಡಂಕಿಯಿಂದ ಶುರುವಾಗುತ್ತದೆ. ಮೊದಲೆರಡು ಅಕ್ಷರ ಇರಲೇಬೇಕು ಎಂದು ನಿಯಮ ಹಾಕಿದ ಒಂದು ಕಡೆ ಇಂಥ ಗಾಡಿ ಬಂದಾಗಲೆಲ್ಲ ಹುಡುಗರು ಮುಂದೆ ಸುಮ್ಮನೆ ಎರಡಕ್ಷರ ಸೇರಿಸಿ ಮುಗಿಸುತ್ತಿದ್ದುದನ್ನು ನೋಡಿದ್ದೇನೆ. ಹೊಸ ಕಾರಿನ ತಾತ್ಕಾಲಿಕ ನಂಬರನ್ನು ಆಮೇಲೆ ಕಾಯಂ ನಂಬರಿಗೆ ಬದಲಿಸಲು ದಾರಿ ಇದೆಯೇ ಎಂದೂ ಕೇಳಿ. ಹಳೆಯ ಪಟ್ಟಿಯನ್ನು ಹೊಸದಕ್ಕೆ ತುಂಬುವ ಮೊದಲು ಎಕ್ಸೆಲ್‌ನಲ್ಲಿ ಹಾಕಿ, ಎರಡೆರಡು ಸಲ ಬಂದಿರುವ ಗಾಡಿಗಳನ್ನು ಕೂತು ಕೈಯಿಂದಲೇ ಒಂದು ಮಾಡಬೇಕು. ಬೇಸರದ ಕೆಲಸ, ಆದರೆ ಕಸ ತುಂಬಿದರೆ ಕಸವೇ ಹೊರಗೆ ಬರುತ್ತದೆ.

ಪಾಸಿನ ದುಡ್ಡಿಗೆ ಬರುತ್ತೇನೆ, ನಿಮ್ಮ ತಲೆನೋವಿನ ಅರ್ಧ ಅಲ್ಲೇ ಇದೆ. ಹತ್ತು ವಾಶ್‌ಗೆ ತೆರಿಗೆ ಬಿಟ್ಟು 3,500 ರೂಪಾಯಿ ಎಂದುಕೊಳ್ಳೋಣ. ದಾವಣಗೆರೆಯಲ್ಲಿ ದುಡ್ಡು ಬಂತು. ಗಿರಾಕಿ ಆರು ಸಲ ಇಲ್ಲಿ, ನಾಲ್ಕು ಸಲ ದುರ್ಗದಲ್ಲಿ ತೊಳೆಸಿದರು. 3,500 ಪೂರ್ತಿ ದಾವಣಗೆರೆಯ ಆದಾಯ ಎಂದು ಬರೆದರೆ, ದುರ್ಗದಲ್ಲಿ ನೀರು, ಶಾಂಪೂ, ಕೂಲಿ ಖರ್ಚಾಗಿ ಬಿಡಿಗಾಸೂ ಬಂದಿಲ್ಲ ಎಂದು ತೋರಿಸುತ್ತದೆ. ಆಗ ದುರ್ಗದ ಕೌಂಟರಿನವರು ಪಾಸಿನ ಗಿರಾಕಿಯನ್ನು ಒಲ್ಲದ ಮನಸ್ಸಿನಿಂದ ನೋಡುತ್ತಾರೆ, ‘ಸಿಸ್ಟಮ್‌ನಲ್ಲಿ ಬರ್ತಿಲ್ಲ ಸರ್’ ಎಂದು ವಾಪಸ್ ಕಳಿಸುತ್ತಾರೆ. ಅವರ ತಪ್ಪೆಂದು ನಾನು ಹೇಳಲಾರೆ. ಸರಿಯಾದ ಕ್ರಮ ಹೀಗೆ: ಪಾಸು ಮಾರಿದ ದಿನ ಆ ಹಣ ‘ಮುಂಗಡ’ ಖಾತೆಗೆ ಹೋಗಬೇಕು, ಆದಾಯಕ್ಕಲ್ಲ. ಒಂದೊಂದು ವಾಶ್ ಆದಾಗಲೂ ಮುಂಗಡದಿಂದ 350 ಇಳಿದು, ಯಾವ ಬ್ರಾಂಚ್ ತೊಳೆಯಿತೋ ಆ ಬ್ರಾಂಚಿನ ಆದಾಯಕ್ಕೆ ಸೇರಬೇಕು. ಆಗ ತಿಂಗಳ ಕೊನೆಗೆ ದುರ್ಗಕ್ಕೆ 1,400 ತಾನಾಗಿ ಬಂದಿರುತ್ತದೆ, ನೀವೂ ಭಾಮೈದನೂ ಚೀಟಿ ಹಿಡಿದು ಕೂರಬೇಕಾಗಿಲ್ಲ. ಪಾಸು ಮಾರಿದ ಹುಡುಗನಿಗೆ ಏನಾದರೂ ಕೊಡಬೇಕೆಂದಿದ್ದರೆ ಅದನ್ನು ಕಮಿಷನ್ ಎಂದೇ ಬೇರೆ ಕೊಡಿ.

ತೆರಿಗೆ ಮಾತ್ರ ಹೀಗಲ್ಲ. ಸೇವೆಗೆ ಮುಂಗಡ ಪಡೆದರೆ, ಪಡೆದ ಸಮಯಕ್ಕೇ ಜಿಎಸ್‌ಟಿ ಕಟ್ಟಬೇಕಾಗುತ್ತದೆ. ಗಾಡಿ ತೊಳೆಯುವ ಸೇವೆಗೆ ಶೇ 18. ಅಂದರೆ ಲೆಕ್ಕದಲ್ಲಿ ಆದಾಯ ಹತ್ತು ಕಂತಿನಲ್ಲಿ ಬಂದರೂ ತೆರಿಗೆ ಮೊದಲ ದಿನವೇ ಬೀಳುತ್ತದೆ. ಸಾಫ್ಟ್‌ವೇರ್ ವಾಶ್ ಆದಾಗ ಮತ್ತೊಮ್ಮೆ ತೆರಿಗೆ ಹಾಕದಂತೆ ನೋಡಿಕೊಳ್ಳಿ. ಒಂದು ಪಾಸು ಮಾರಿ, ಒಂದು ವಾಶ್ ಮಾಡಿ, ಎರಡು ಚೀಟಿಯನ್ನೂ ಆಡಿಟರ್ ಕೈಗೆ ಕೊಟ್ಟು ಪರೀಕ್ಷಿಸಿ. ಸಾಫ್ಟ್‌ವೇರಿನಲ್ಲಿ ಇನ್ನೊಂದು ಸಣ್ಣ ಗುಂಡಿ (ಬಟನ್) ಇದೆ: ರೇಟು ತೆರಿಗೆ ಸೇರಿಸಿಯೋ, ಸೇರಿಸದೆಯೋ. 500 ರೂಪಾಯಿ ತೆರಿಗೆ ಸೇರಿ ಎಂದರೆ ನಿಮಗೆ 423.73, ಸರ್ಕಾರಕ್ಕೆ 76.27. ಅದೇ ಗುಂಡಿ ಇನ್ನೊಂದು ಬ್ರಾಂಚಿನಲ್ಲಿ ಆ ಕಡೆ ಇದ್ದರೆ ಅದೇ ಗಿರಾಕಿಗೆ 590ರ ಬಿಲ್ ಬರುತ್ತದೆ. ಹರಿಹರದಲ್ಲಿ ‘ಹೋದ ವಾರ ಐನೂರೇ ಕೊಟ್ಟಿದ್ದೆ’ ಎಂದು ಯಾರಾದರೂ ಜಗಳ ತೆಗೆದಿದ್ದರೆ ಮೊದಲು ಈ ಗುಂಡಿ ನೋಡಿ.

ಬಿಲ್ ನಂಬರ್ ಬ್ರಾಂಚಿಗೊಂದು ಸರಣಿ ಇರಲಿ. ಜಿಎಸ್‌ಟಿ ನಿಯಮದಲ್ಲಿ ಒಂದಕ್ಕಿಂತ ಹೆಚ್ಚು ಸರಣಿ ಇಟ್ಟುಕೊಳ್ಳಲು ಅವಕಾಶವಿದೆ. ಆದರೆ ಒಂದು ನಂಬರ್ 16 ಅಕ್ಷರ ಮೀರಬಾರದು, ಆ ಹಣಕಾಸು ವರ್ಷದಲ್ಲಿ ಅದು ಇನ್ನೊಮ್ಮೆ ಬರಬಾರದು. ಊರಿಗೆ ಮೂರಕ್ಷರ, ಒಂದು ಓರೆಗೆರೆ, 26-27 ಎಂಬಂತೆ ಹಣಕಾಸು ವರ್ಷ, ಇನ್ನೊಂದು ಓರೆಗೆರೆ, ಆಮೇಲೆ ಐದಂಕಿ ಎಂದು ಹಾಕಿದರೆ ಒಟ್ಟು 15 ಆಗುತ್ತದೆ. ಮೂರೂ ಕಡೆ ಬರೀ 1, 2, 3 ಎಂದು ನಡೆದಿದ್ದರೆ ಒಂದೇ ನೋಂದಣಿಯಲ್ಲಿ ಒಂದೇ ನಂಬರಿನ ಮೂರು ಬಿಲ್ ಇವೆ ಎಂದರ್ಥ. ಅದನ್ನು ಇವತ್ತೇ ನಿಲ್ಲಿಸಿ. ಬೈಕ್ ವಾಶ್‌ನಂಥ 200 ರೂಪಾಯಿಗೂ ಕಮ್ಮಿಯ ಕೆಲಸಕ್ಕೆ, ಜಿಎಸ್‌ಟಿ ನೋಂದಣಿ ಇಲ್ಲದ ಗಿರಾಕಿ ಬಿಲ್ ಕೇಳದಿದ್ದರೆ, ದಿನದ ಕೊನೆಗೆ ಎಲ್ಲ ಸೇರಿಸಿ ಒಂದೇ ಬಿಲ್ ಹಾಕಲು ನಿಯಮ ಒಪ್ಪುತ್ತದೆ. ಹಾಗೆಂದು ಬೈಕುಗಳ ಟೋಕನ್ ಹಾಕುವುದನ್ನು ಬಿಡಬೇಡಿ. ಬಿಲ್ ಒಂದಾದರೂ ಎಣಿಕೆ ಒಂದೊಂದೇ ಆಗಬೇಕು.

ಈಗ ಬ್ಯಾಂಕಿನ ದುಡ್ಡು ಹೊಂದದ ವಿಷಯ. ಕೌಂಟರಿನಲ್ಲಿ ಅಂಟಿಸಿದ ಕ್ಯೂಆರ್‌ಗೆ ಗಿರಾಕಿ ದುಡ್ಡು ಹಾಕುತ್ತಾರೆ, ಪಕ್ಕದ ಸೌಂಡ್‌ಬಾಕ್ಸ್ ಪೆಟ್ಟಿಗೆ ‘ಐನೂರು ರೂಪಾಯಿ ಬಂದಿದೆ’ ಎಂದು ಕೂಗುತ್ತದೆ, ಹುಡುಗ ಬಿಲ್ಲಿನಲ್ಲಿ ‘ಕ್ಯಾಶ್’ ಒತ್ತುತ್ತಾನೆ, ಏಕೆಂದರೆ ತೆರೆಯ ಮೇಲೆ ಆ ಗುಂಡಿಯೇ ಮೊದಲು ಇದೆ. ಸಾಫ್ಟ್‌ವೇರಿಗೂ ಆ ಪೆಟ್ಟಿಗೆಗೂ ಪರಿಚಯವೇ ಇಲ್ಲ. ಬಿಲ್ ಮೊತ್ತ, ಬಿಲ್ ನಂಬರ್ ಎರಡೂ ಅಡಕವಾಗಿರುವ ಕ್ಯೂಆರನ್ನು ಪ್ರತಿ ಬಿಲ್ಲಿಗೂ ತೆರೆಯ ಮೇಲೆ ತೋರಿಸುವ ವ್ಯವಸ್ಥೆ ನಿಮ್ಮ ಸಾಫ್ಟ್‌ವೇರಿನಲ್ಲಿದ್ದರೆ ಹಾಕಿಸಿ. ಈ ಒಂದು ಬದಲಾವಣೆಯಿಂದಲೇ ಹೊಂದದ ಲೆಕ್ಕದ ದೊಡ್ಡ ಪಾಲು ಸರಿಹೋಗುತ್ತದೆ. ಆಗದಿದ್ದರೆ ಬ್ರಾಂಚಿಗೊಂದು ಬೇರೆ ಕ್ಯೂಆರ್, ಮೂರೂ ಫರ್ಮಿನ ಹೆಸರಿನಲ್ಲೇ ಇರಲಿ, ಯಾರದೇ ಸ್ವಂತ ನಂಬರಿಗಲ್ಲ. ನೀವು ರಾತ್ರಿ ಒಂಬತ್ತಕ್ಕೆ ದಿನ ಮುಗಿಸುತ್ತೀರಿ, ದುರ್ಗದಲ್ಲಿ ಹೆದ್ದಾರಿ ಗಾಡಿಗಳಿಗೆಂದು ಹನ್ನೊಂದರವರೆಗೂ ತೆರೆದಿರಬಹುದು, ಬ್ಯಾಂಕಿನ ದಿನ ಬೇರೆಯೇ ಹೊತ್ತಿಗೆ ಮುಗಿಯುತ್ತದೆ. ದಿನ ಯಾವಾಗ ಮುಗಿಯುತ್ತದೆ ಎಂಬುದನ್ನು ಮೂರೂ ಕಡೆ ಒಂದೇ ಗಂಟೆಗೆ ಕಟ್ಟಿ. ಬೆಳಿಗ್ಗೆ ಗಲ್ಲಾದಲ್ಲಿ ಇಷ್ಟಿತ್ತು ಎಂದು ತೆರೆಯುವುದು, ರಾತ್ರಿ ಐನೂರರ ನೋಟೆಷ್ಟು, ನೂರರದ್ದೆಷ್ಟು ಎಂದು ಎಣಿಸಿ ಮುಚ್ಚುವುದು, ಇದನ್ನು ಮಾಡದೆ ಮಾರನೆ ದಿನದ ಬಿಲ್ ಹೊರಡದಂತೆ ಬೀಗ ಹಾಕಿಸಿ.

ಯಾರಿಗೆ ಏನು ಮಾಡಲು ಬಿಡಬೇಕು ಎನ್ನುವುದರಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಬಿಲ್ ಹಾಕಿದವರೇ ಬಿಲ್ ರದ್ದು ಮಾಡುವಂತಿರಬಾರದು. ಡಿಸ್ಕೌಂಟ್ ಕೊಡಲು ಕೌಂಟರಿನವರಿಗೆ ಒಂದು ಮಿತಿ ಇಡಿ, ಅದಕ್ಕೂ ಮೇಲೆ ಬ್ರಾಂಚ್ ನೋಡಿಕೊಳ್ಳುವವರ ಪಿನ್ ಬೇಕಾಗಲಿ. ಪರಿಚಯದವರು, ಪೊಲೀಸ್ ಗಾಡಿ, ಊರಿನ ಮುಖಂಡರ ಗಾಡಿ ಬಿಟ್ಟಿಯಾಗಿ ತೊಳೆದು ಕಳಿಸುವುದು ಎಲ್ಲ ಕಡೆ ಇದ್ದದ್ದೇ. ಅದನ್ನು ಮುಚ್ಚಿಡಬೇಡಿ. ‘ಉಚಿತ’ ಎಂದೇ ಒಂದು ಬಗೆ ಮಾಡಿ, ಕಾರಣ ಆರಿಸಿಯೇ ಮುಂದಕ್ಕೆ ಹೋಗುವಂತೆ ಇಡಿ. ಹಾಗೇ ಗಿರಾಕಿ ‘ಚಕ್ರದ ಸಂದಿ ಸರಿಯಾಗಿ ತೊಳೆದಿಲ್ಲ’ ಎಂದು ವಾಪಸ್ ಬಂದರೆ ಹಳೆಯ ಬಿಲ್ ರದ್ದು ಮಾಡಿ ಹೊಸದು ಹಾಕಬೇಡಿ, ಸೊನ್ನೆ ರೂಪಾಯಿಯ ‘ಮರುತೊಳೆತ’ ಎಂದು ಹಾಕಿ. ಯಾವ ಬ್ರಾಂಚಿನಲ್ಲಿ ಮರುತೊಳೆತ ಹೆಚ್ಚುತ್ತಿದೆ ಎಂದು ತಿಳಿಯಲು ಬೇರೆ ದಾರಿಯಿಲ್ಲ.

ಹುಡುಗರ ವಿಷಯವೂ ಇಲ್ಲೇ ಬರುತ್ತದೆ. ಟೋಕನ್ನಿನಲ್ಲಿ ಯಾರು ತೊಳೆದರು ಎಂದು ಹೆಸರು ಆರಿಸುವ ಜಾಗ ಇರಲಿ. ನಾಯಕನಹಟ್ಟಿಯ ತಿಪ್ಪೇಸ್ವಾಮಿಗಳ ಮಾತನ್ನು ದುರ್ಗದ ಸೀಮೆಯಲ್ಲಿ ಮಕ್ಕಳೂ ಹೇಳುತ್ತವೆ, ‘ಮಾಡಿದಷ್ಟು ನೀಡು ಭಿಕ್ಷೆ’. ಸಂಬಳದ ಮೇಲೆ ಗಾಡಿಗಿಷ್ಟು ಎಂದು ಸೇರಿಸಿ ಕೊಡುವ ಕಡೆ ಟೋಕನ್ ತಪ್ಪಿಸುವುದು ತಾನಾಗಿ ಕಮ್ಮಿಯಾಗುತ್ತದೆ, ಏಕೆಂದರೆ ಟೋಕನ್ ಬೀಳದಿದ್ದರೆ ತೊಳೆದವನ ದುಡ್ಡೇ ಹೋಗುತ್ತದೆ. ಕ್ಯಾಮೆರಾಗಿಂತ ಇದರ ಮೇಲೆ ನನಗೆ ಹೆಚ್ಚು ನಂಬಿಕೆ.

ಹಾಗಿದ್ದರೂ ಕೌಂಟರಿನ ಎಣಿಕೆಗೆ ಸಾಕ್ಷಿ ಬೇಕು, ಆ ಸಾಕ್ಷಿ ದುಡ್ಡು ಮುಟ್ಟದಂಥದ್ದಾಗಿರಬೇಕು. ನೀರಿನ ಮೀಟರು ಅಂಥ ಸಾಕ್ಷಿ. ಲೆಕ್ಕ ಸುಲಭ. ನಿಮ್ಮ ಪ್ರೆಶರ್ ವಾಷರ್ ನಿಮಿಷಕ್ಕೆ 10 ಲೀಟರ್ ಬಿಡುತ್ತದೆ, ಒಂದು ಕಾರಿಗೆ ಗನ್ ಒತ್ತುವುದು ಸುಮಾರು 7 ನಿಮಿಷ ಎಂದುಕೊಳ್ಳಿ. ಕಾರಿಗೆ 70 ಲೀಟರ್. ಮೂವತ್ತು ಕಾರಿಗೆ 2,100. ಸಂಜೆ ಮೀಟರು 3,000 ತೋರಿಸಿದರೆ 900 ಲೀಟರಿಗೆ ಉತ್ತರ ಬೇಕು. ತಕ್ಷಣ ಯಾರ ಮೇಲೂ ಎಗರಬೇಡಿ. ರ‍್ಯಾಂಪ್ ತೊಳೆದಿರಬಹುದು, ಪೈಪು ಸೋರುತ್ತಿರಬಹುದು, ಅವತ್ತು ಕೆಸರಿನ ಟ್ರ್ಯಾಕ್ಟರ್ ಬಂದಿರಬಹುದು. ಒಂದು ವಾರದ ಸರಾಸರಿ ನೋಡಿ ಮಾತಾಡಿ. ಹೆಚ್ಚಿನ ಸಾಫ್ಟ್‌ವೇರುಗಳಲ್ಲಿ ದಿನ ಮುಚ್ಚುವಾಗ ತುಂಬಲೇಬೇಕಾದ ಜಾಗಗಳನ್ನು ನಾವೇ ಸೇರಿಸಬಹುದು. ಬೆಳಿಗ್ಗೆ-ಸಂಜೆಯ ನೀರಿನ ಮೀಟರ್ ಅಂಕಿ, ಬೆಸ್ಕಾಂ ಮೀಟರ್ ಅಂಕಿ, ಮೆಷಿನ್ ಮೇಲೆ ಗಂಟೆ ಎಣಿಸುವ ಮೀಟರ್ ಇದ್ದರೆ ಅದು, ಇಷ್ಟನ್ನು ಸೇರಿಸಿ. ಮೀಟರಿನ ಫೋಟೊ ಸಮೇತ ಆದರೆ ಇನ್ನೂ ಒಳ್ಳೆಯದು. ಬೋರ್‌ವೆಲ್ ಪೈಪಿಗೆ ಮೀಟರೇ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ.

ನೀರಿನ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ನಮ್ಮ ಮೂರು ಊರಿನಲ್ಲೂ ನೀರಿನ ಪಾಡು ಒಂದೇ ಅಲ್ಲ. ಹರಿಹರಕ್ಕೆ ತುಂಗಭದ್ರೆ ಇದ್ದಾಳೆ, ದಾವಣಗೆರೆ ಸುತ್ತ ಭದ್ರಾ ನಾಲೆ ಇದೆ, ದುರ್ಗದಲ್ಲಿ ಹೆಚ್ಚಾಗಿ ಬೋರ್‌ವೆಲ್ಲೇ ಗತಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ಗಾಡಿ ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶ ಮಾಡಿತ್ತು. ನಮ್ಮ ಊರುಗಳಲ್ಲೂ ಅಂಥ ದಿನ ಬಂದರೆ ‘ಇಷ್ಟು ಗಾಡಿಗೆ ಇಷ್ಟು ನೀರು, ಇಂಥ ಮೂಲದಿಂದ’ ಎಂದು ತೋರಿಸುವ ದಾಖಲೆ ಇದ್ದವರ ಮಾತಿಗೆ ಬೆಲೆ ಇರುತ್ತದೆ.

ಆ ನೀರಿನ ಕಾರಣಕ್ಕೇ ಸ್ಟಾಕ್‌ನಲ್ಲಿ ಒಂದು ಬದಲಾವಣೆ ಬೇಕು. ಶಾಂಪೂ ಹೆಸರು ಮೂರೂ ಕಡೆ ಒಂದೇ ಇರಲಿ, ಆದರೆ ಒಂದು ವಾಶ್‌ಗೆ ಎಷ್ಟು ಎಂಬ ಅಳತೆ ಬ್ರಾಂಚಿಗೊಂದು ಇರಲಿ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ನೊರೆ ಸುಲಭವಾಗಿ ಏಳುವುದಿಲ್ಲ, ಹುಡುಗರು ಹೆಚ್ಚು ಸುರಿಯುತ್ತಾರೆ. ಹರಿಹರದಲ್ಲಿ 30 ಮಿಲಿ ಸಾಕಾದರೆ 5 ಲೀಟರಿನ ಕ್ಯಾನು 166 ಕಾರಿಗೆ ಬರುತ್ತದೆ. ದುರ್ಗದಲ್ಲಿ 45 ಬೇಕಾದರೆ 111ಕ್ಕೇ ಮುಗಿಯುತ್ತದೆ. ಇದನ್ನು ಮೊದಲೇ ಅಳೆದು ತುಂಬದಿದ್ದರೆ ಸಾಫ್ಟ್‌ವೇರ್ ಪ್ರತಿ ತಿಂಗಳೂ ದುರ್ಗದಲ್ಲಿ ಕಳ್ಳತನವಾಗಿದೆ ಎನ್ನುತ್ತದೆ, ಮನೆಯಲ್ಲಿ ಮನಸ್ತಾಪ ಹುಟ್ಟುತ್ತದೆ. ಮೂರೂ ಕಡೆ ಒಂದು ವಾರ ಅಳತೆ ಲೋಟ ಇಟ್ಟು ಬಳಸಿ, ಬಂದ ಸರಾಸರಿಯನ್ನೇ ಹಾಕಿ.

ಹಬ್ಬದ ರೇಟನ್ನು ಕೌಂಟರಿನಲ್ಲಿ ಕೈಯಿಂದ ತಿದ್ದಬೇಡಿ. ಆಯುಧಪೂಜೆಗೆ, ಯುಗಾದಿಗೆ ಬೇರೆ ರೇಟ್ ಪಟ್ಟಿ ಮಾಡಿ, ಇಂಥ ದಿನದಿಂದ ಇಂಥ ದಿನದವರೆಗೆ ಎಂದು ತಾರೀಖು ಹಾಕಿಟ್ಟರೆ ತಾನೇ ಬಂದು ತಾನೇ ಹೋಗುತ್ತದೆ. ಅಮಾವಾಸ್ಯೆ ಪೂಜೆಗೆ ಗಾಡಿ ತೊಳೆಸುವವರು ಎಷ್ಟಿದ್ದಾರೆ ಎಂದು ನಿಮಗೇ ಗೊತ್ತು. ಆ ದಿನಗಳನ್ನು ವರ್ಷಕ್ಕೊಮ್ಮೆ ಕ್ಯಾಲೆಂಡರ್ ನೋಡಿ ತುಂಬಿಟ್ಟರೆ ಹುಡುಗರ ರಜೆ ಪಟ್ಟಿ ಮಾಡಲು ಅನುಕೂಲ.

ಕರೆಂಟು, ಇಂಟರ್‌ನೆಟ್ಟು. ಮಾರಿದವರು ‘ನೆಟ್ ಇಲ್ಲದಿದ್ದರೂ ನಡೆಯುತ್ತೆ’ ಎಂದರೆ ಅವರ ಎದುರಿಗೇ ವೈಫೈ ತೆಗೆದು ಹತ್ತು ಬಿಲ್ ಹಾಕಿಸಿ, ಅದರಲ್ಲೊಂದು ಪಾಸಿನದು ಇರಲಿ. ನೆಟ್ ಬಂದ ಮೇಲೆ ಹತ್ತೂ ಸೇರಿದವೇ, ನಂಬರ್ ಕೂಡಿಕೊಂಡಿತೇ, ಪಾಸಿನಿಂದ ಒಂದು ಇಳಿಯಿತೇ ನೋಡಿ. ಬಿಲ್ ಕನ್ನಡದಲ್ಲಿ ಬರಲಿ ಎಂಬ ಆಸೆ ನಿಮಗಿದ್ದರೆ, ಇರಲೇಬೇಕು ಎನ್ನುವವನು ನಾನು, ಪ್ರಿಂಟರಿನಲ್ಲಿ ಮೊದಲೇ ಪರೀಕ್ಷಿಸಿ. ಸಣ್ಣ ಥರ್ಮಲ್ ಪ್ರಿಂಟರುಗಳಲ್ಲಿ ಹೆಚ್ಚಿನವಕ್ಕೆ ಕನ್ನಡ ಅಕ್ಷರ ಗೊತ್ತಿಲ್ಲ, ಒತ್ತಕ್ಷರವೆಲ್ಲ ಚೆಲ್ಲಾಪಿಲ್ಲಿಯಾಗುತ್ತದೆ. ಬಿಲ್ಲನ್ನು ಚಿತ್ರದ ರೂಪದಲ್ಲಿ ಕಳಿಸುವ ಆಯ್ಕೆ ಸಾಫ್ಟ್‌ವೇರಿನಲ್ಲಿದ್ದರೆ ಸರಿಯಾಗಿ ಬರುತ್ತದೆ.

ಒಂದು ಕಹಿ ಅನುಭವ ಹೇಳುತ್ತೇನೆ. ನಾನೇ ಕೂರಿಸಿಕೊಟ್ಟ ಒಂದು ಕಡೆ ಮುಖ್ಯ ಲಾಗಿನ್ನನ್ನು ಅಲ್ಲಿನ ಮ್ಯಾನೇಜರ್ ಮೊಬೈಲಿಗೆ ಜೋಡಿಸಿದ್ದೆವು, ಯಜಮಾನರಿಗೆ ಒಟಿಪಿ ನೋಡುವ ಅಭ್ಯಾಸವಿಲ್ಲ ಎಂಬ ಕಾರಣಕ್ಕೆ. ಆ ಮ್ಯಾನೇಜರ್ ಮುನಿಸಿಕೊಂಡು ಕೆಲಸ ಬಿಟ್ಟರು. ಎರಡು ವಾರ ಯಾರಿಗೂ ಒಳಹೋಗಲು ಆಗಲಿಲ್ಲ. ಅವತ್ತಿನಿಂದ ನಾನು ಯಜಮಾನರ ಸ್ವಂತ ನಂಬರ್, ಸ್ವಂತ ಇಮೇಲ್ ಇಲ್ಲದೆ ಕೆಲಸ ಶುರು ಮಾಡುವುದಿಲ್ಲ. ನಿಮ್ಮ ಮುಖ್ಯ ಲಾಗಿನ್ ಯಾರ ನಂಬರಿನಲ್ಲಿದೆ? ಮಾರಿದವರ ಹುಡುಗನ ನಂಬರಿನಲ್ಲಿದ್ದರೆ ಇವತ್ತೇ ಬದಲಿಸಿ. ತಿಂಗಳಿಗೊಮ್ಮೆ ಗಿರಾಕಿ ಪಟ್ಟಿ, ಪಾಸಿನ ಬಾಕಿ, ಬಿಲ್ಲುಗಳನ್ನು ಎಕ್ಸೆಲ್‌ಗೆ ಇಳಿಸಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಇಳಿಸಲು ಬಿಡದ ಸಾಫ್ಟ್‌ವೇರ್ ಆಗಿದ್ದರೆ, ಅದು ಬದಲಿಸಲು ಎರಡನೆಯ ಕಾರಣ. ಆ ಪಟ್ಟಿಯಲ್ಲಿರುವುದು ಜನರ ಫೋನ್ ನಂಬರು, ಗಾಡಿ ನಂಬರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಒಪ್ಪಿಗೆ ಪಡೆದು ಬಳಸಬೇಕು ಎಂಬುದೇ. ಆಫರಿನ ವಾಟ್ಸ್‌ಆ್ಯಪ್ ಕಳಿಸಬಹುದೇ ಎಂದು ಕೇಳಿ, ಹೌದು-ಇಲ್ಲ ಎಂದು ಗುರುತು ಹಾಕುವ ಒಂದು ಜಾಗ ಇರಲಿ.

ಕೊನೆಯದಾಗಿ, ಕ್ರಮ. ಮೂರನ್ನೂ ಒಟ್ಟಿಗೆ ಸರಿ ಮಾಡಲು ಹೋಗಬೇಡಿ. ದಾವಣಗೆರೆಯಲ್ಲಿ ನೀವೇ ಇರುತ್ತೀರಿ, ಅಲ್ಲಿಂದ ಶುರು ಮಾಡಿ. ಒಂದು ಪೂರ್ತಿ ತಿಂಗಳು ನಡೆಸಿ, ತಿಂಗಳ ಲೆಕ್ಕ ಬ್ಯಾಂಕಿನ ಜೊತೆ ಹೊಂದಿದ ಮೇಲೆ ಹದಿನಾಲ್ಕು ಕಿಲೋಮೀಟರ್ ದೂರದ ಹರಿಹರ. ಏನಾದರೂ ಕೆಟ್ಟರೆ ಅರ್ಧ ಗಂಟೆಯಲ್ಲಿ ಹೋಗಿ ಮುಟ್ಟಬಹುದು. ದುರ್ಗ ಅರವತ್ತು ಕಿಲೋಮೀಟರ್, ಅದು ಕೊನೆಗೆ ಇರಲಿ. ಹರಿಹರ ನಡೆಯುವಾಗಲೇ ಭಾಮೈದನನ್ನು ನಾಲ್ಕು ದಿನ ದಾವಣಗೆರೆಗೆ ಕರೆಸಿ ಕೌಂಟರಿನಲ್ಲಿ ಕೂರಿಸಿ. ಅವರೇ ಬಿಲ್ ಹಾಕಲಿ, ಅವರೇ ರಾತ್ರಿ ಗಲ್ಲಾ ಮುಚ್ಚಲಿ. ದಸರಾ ಎದುರಿಗಿಟ್ಟುಕೊಂಡು ಯಾವ ಬ್ರಾಂಚನ್ನೂ ಬದಲಿಸಬೇಡಿ. ಹಳೆಯ ಪಾಸುಗಳಲ್ಲಿ ಎಷ್ಟೆಷ್ಟು ವಾಶ್ ಬಾಕಿ ಇದೆ ಎಂಬುದನ್ನು ಬದಲಾಯಿಸುವ ಹಿಂದಿನ ರಾತ್ರಿ ಒಂದು ಪಟ್ಟಿ ಮಾಡಿ ಕೌಂಟರಿನಲ್ಲಿ ಕಾಗದದ ಮೇಲೂ ಇಡಿ. ಗಿರಾಕಿ ಹೇಳಿದ್ದಕ್ಕೂ ಪಟ್ಟಿಗೂ ಒಂದೆರಡು ವಾಶ್ ವ್ಯತ್ಯಾಸ ಬಂದರೆ ಗಿರಾಕಿಯ ಮಾತೇ ನಡೆಯಲಿ ಎಂದು ಮೂರೂ ಬ್ರಾಂಚಿಗೆ ಹೇಳಿಡಿ.

ಸೆಟ್ಟಿಂಗ್ಸಿನಲ್ಲಿ ‘ಕಂಪನಿ’ ಒಂದಿದೆಯೋ ಮೂರಿದೆಯೋ, ದುರ್ಗದ ನೋಂದಣಿ ಯಾರ ಹೆಸರಿನಲ್ಲಿದೆ, ಇವೆರಡನ್ನು ನೋಡಿ ಮತ್ತೆ ಬರೆಯಿರಿ. ಮೂರು ಕಂಪನಿ ಆಗಿದ್ದರೆ ಪಾಸಿನ ಬಾಕಿಯನ್ನು ಒಂದಕ್ಕೆ ಹೇಗೆ ತರುವುದು ಎಂದು ನಿಮ್ಮ ಪಟ್ಟಿಯನ್ನೇ ಇಟ್ಟುಕೊಂಡು ಹೇಳುತ್ತೇನೆ.